ಯಾರೆದುರು ಯಾವ ಮಾತು? ಉತ್ತರ ಕನ್ನಡಕ್ಕೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ವರ್ಗವಾಗಿ ಬಂದ ಶಿಕ್ಷಕರು, ಬ್ಯಾಂಕ್ ಸಿಬ್ಬಂದಿ, ದವಾಖಾನೆಯ ನರ್ಸುಗಳು, ಮದುವೆಯಾಗಿ ಬಂದ ಸೊಸೆಯಂದಿರು, ಬೆಂಗಳೂರಲ್ಲಿ ಬೆಳೆದು ರಜೆಗೆ ಅಜ್ಜನಮನೆಗೆ ಬರುವ ಮಕ್ಕಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕನ್ನಡ ಚೆನ್ನಾಗಿ ಬಲ್ಲವರೇ ಈ ಜಿಲ್ಲೆಯಲ್ಲಿ ಹೆಚ್ಚು ಎಡವುತ್ತಾರೆ. ಪದದ ಅರ್ಥ ಗೊತ್ತಿರುವುದರಿಂದ ಅವರು ಸಂದರ್ಭವನ್ನು ಕೇಳಲು ಹೋಗುವುದಿಲ್ಲ.

ಒಂದೇ ಜಿಲ್ಲೆಯಲ್ಲಿ ಇಷ್ಟು ಬಗೆಯ ಮಾತು ಹೇಗೆ ಬಂತು?

ಮೊದಲ ಕಾರಣ ಘಟ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರ ಘಟ್ಟದ ಮೇಲೆ; ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಕೆಳಗೆ; ಮುಂಡಗೋಡ, ಹಳಿಯಾಳ ಧಾರವಾಡದ ಬಯಲಿಗೆ ತಾಗಿಕೊಂಡಿವೆ. ಹಾಗಾಗಿ ಹಳಿಯಾಳದಲ್ಲಿ ಕೇಳುವ ‘ಬರ್ರಿ, ಕುಂದರ್ರಿ’ ಕುಮಟಾದಲ್ಲಿ ಕೇಳಿಸುವುದಿಲ್ಲ.

ಎರಡನೆಯದು ಆಡಳಿತ. ಹಳೆಯ ಕೆನರಾ ಜಿಲ್ಲೆಯ ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಭಾಗ ಮದರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ಕ್ಕೆ ಎರಡೂ ಮತ್ತೆ ಒಂದೇ ರಾಜ್ಯಕ್ಕೆ ಬಂದವು. ನಡುವಿನ 94 ವರ್ಷಗಳ ಗುರುತು ಇಂದಿಗೂ ಹಿರಿಯರ ಬಾಯಲ್ಲಿದೆ: ತಹಶೀಲ್ದಾರರಿಗೆ ‘ಮಾಮಲೇದಾರ’, ಪಹಣಿಗೆ ‘ಉತಾರ’, ಶಿಕ್ಷಕರಿಗೆ ‘ಮಾಸ್ತರು’, ಶಿಕ್ಷಕಿಗೆ ‘ಅಕ್ಕೋರು’.

ಮೂರನೆಯದು ಜನ. ಹವ್ಯಕರ ಕನ್ನಡ, ಹಾಲಕ್ಕಿ ಒಕ್ಕಲಿಗರ ಕನ್ನಡ, ನಾಡವರ ಮತ್ತು ನಾಮಧಾರಿಗಳ ಕನ್ನಡ ಒಂದೊಂದೂ ಬೇರೆ. ಕೊಂಕಣಿಯೂ ಒಂದೇ ಅಲ್ಲ. ಗೌಡ ಸಾರಸ್ವತರ, ಖಾರ್ವಿಗಳ, ಕ್ರೈಸ್ತರ ಕೊಂಕಣಿಗಳಿಗೆ ತಮ್ಮತಮ್ಮ ಧಾಟಿ ಇದೆ. ಭಟ್ಕಳದ ನವಾಯತಿ ಕೊಂಕಣಿಗೆ ಹತ್ತಿರದ್ದು, ಬರೆಯುವುದು ಮಾತ್ರ ಉರ್ದು ಲಿಪಿಯಲ್ಲಿ. ಯಲ್ಲಾಪುರ–ಹಳಿಯಾಳದ ಸಿದ್ದಿಗಳ ಮನೆಮಾತಿನ ಬುಡದಲ್ಲೂ ಕೊಂಕಣಿಯೇ ಇದೆ. ಹಳಿಯಾಳ–ಜೋಯಿಡಾದಲ್ಲಿ ಮರಾಠಿ, ಮುಂಡಗೋಡದ ಶಿಬಿರಗಳಲ್ಲಿ ಟಿಬೆಟನ್.

‘ನೀನು’ ಯಾರಿಗೆ, ‘ನೀವು’ ಯಾರಿಗೆ?

ವಯಸ್ಸು ನೋಡಿ ಹೇಳಿದರಾಯಿತು ಎಂದುಕೊಂಡವರು ಮೊದಲ ವಾರದಲ್ಲೇ ಸಿಕ್ಕಿಬೀಳುತ್ತಾರೆ. ಎಪ್ಪತ್ತು ವರ್ಷದ ಆಯಿಗೆ ಮಗ ‘ನೀನು’ ಎನ್ನುತ್ತಾನೆ, ಇಪ್ಪತ್ತೆರಡರ ಅಳಿಯನಿಗೆ ಅತ್ತೆ ಬಹುವಚನ ಕೊಡುತ್ತಾಳೆ. ದೇವರಿಗಂತೂ ಎಲ್ಲರೂ ಏಕವಚನವೇ. ಏಕವಚನ ಹತ್ತಿರದವರಿಗೂ ಸಲ್ಲುತ್ತದೆ, ಕೆಳಗಿನವರು ಎಂದು ಎಣಿಸಿದವರಿಗೂ ಸಲ್ಲುತ್ತದೆ, ಗೊಂದಲವೆಲ್ಲ ಇಲ್ಲಿಯದು. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಯುರೋಪಿನ ಭಾಷೆಗಳನ್ನು ಹಿಡಿದು ಹೇಳಿದ್ದೂ ಇದನ್ನೇ. ಸರ್ವನಾಮವನ್ನು ಅಧಿಕಾರ ಒಂದು ಕಡೆ ಎಳೆಯುತ್ತದೆ, ಸಲಿಗೆ ಇನ್ನೊಂದು ಕಡೆ.

ತೋಟದ ಕೆಲಸದಲ್ಲಿ ಹಳೆಯ ಪದ್ಧತಿ ಹೀಗಿತ್ತು: ಒಡೆಯರಿಂದ ಆಳಿಗೆ ‘ನೀನು’, ಆಳಿನಿಂದ ಒಡೆಯರಿಗೆ ‘ನೀವು’. ಅರವತ್ತು ದಾಟಿದ ಇಬ್ಬರ ನಡುವೆ ಅದು ಇನ್ನೂ ನಡೆದೀತು, ಅವರಲ್ಲಿ ಎಷ್ಟೋ ವರ್ಷದ ಒಡನಾಟ ಇರುತ್ತದೆ. ಹೊಸಬರು ಅದನ್ನು ಎತ್ತಿಕೊಂಡರೆ ಬರೀ ದರ್ಪವಾಗುತ್ತದೆ. ವಯಸ್ಕರು ಯಾರೇ ಇರಲಿ, ಮೊದಲ ಭೇಟಿಯಲ್ಲಿ ‘ನೀವು’. ಹಿರಿಯರು ನಿಮ್ಮನ್ನು ಏಕವಚನಕ್ಕೆ ಇಳಿಸಿಕೊಂಡರೆ ಸಂತೋಷಪಡಿ, ಆದರೆ ನಿಮ್ಮ ಕಡೆಯಿಂದ ಬಹುವಚನ ಬಿಡಬೇಡಿ.

ಗೊತ್ತಾಗದಿದ್ದಾಗ ಊರವರೇ ಬಳಸುವ ಉಪಾಯ ಒಂದಿದೆ. ಸರ್ವನಾಮವೇ ಬೇಡದ ವಾಕ್ಯ ಮಾಡುತ್ತಾರೆ. ‘ಊಟ ಆತಾ?’, ‘ಪೇಟೆಗೆ ಹೋಗೂದಾ?’, ‘ಎಂತ ಮಾಡೂದು?’ ಇವುಗಳಲ್ಲಿ ಏಕವಚನವೂ ಇಲ್ಲ, ಬಹುವಚನವೂ ಇಲ್ಲ. ಇನ್ನೊಂದು ಎಚ್ಚರ: ನಿನ್ನೆಯವರೆಗೆ ‘ನೀನು’ ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ ‘ನೀವು’ ಎಂದರೆ ಗೌರವ ಹೆಚ್ಚಿತೆಂದಲ್ಲ, ಸಿಟ್ಟು ಬಂದಿದೆ ಎಂದು ತಿಳಿಯಬೇಕು.

ಗಂಡಹೆಂಡಿರ ನಡುವೆ ಕೇಳುವವರು ಯಾರು ಎನ್ನುವುದೇ ನಿರ್ಣಾಯಕ. ಇಬ್ಬರೇ ಇದ್ದಾಗ ‘ನೀನು’ ಎನ್ನುವ ಸೊಸೆ, ಅತ್ತೆ ಜಗಲಿಗೆ ಬಂದ ಕೂಡಲೇ ‘ಇವರು’ ಎನ್ನುತ್ತಾಳೆ. ಹಿರಿಯ ಹೆಂಗಸರು ಗಂಡನ ಹೆಸರನ್ನೇ ಹೇಳುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ‘ಗಂಡನ ಹೆಸರು ಹೇಳಿ’ ಎಂದು ಜೋರಾಗಿ ಕೇಳುವ ಬದಲು ಆಧಾರ್ ಕಾರ್ಡ್ ಕೇಳಿ ಪಡೆಯಿರಿ, ಹೆಸರನ್ನು ನೀವೇ ಓದಿ ‘ಹೌದಾ?’ ಎನ್ನಿ.

ಹೆಸರು ಹಿಡಿದು ಕರೆಯಬಹುದೇ? ಅಡ್ಡಹೆಸರು ಬರೆಯುವಾಗ ಏನು ಗಮನಿಸಬೇಕು?

ಗಂಡಸರನ್ನು ಅಡ್ಡಹೆಸರಿಗೆ ‘ರು’ ಸೇರಿಸಿ ಕರೆಯುವುದು ವಾಡಿಕೆ: ಹೆಗಡೇರು, ಭಟ್ರು, ಗೌಡ್ರು, ಶೆಟ್ರು, ಶಾನಭಾಗ್ರು. ಒಂದೇ ಕೇರಿಯಲ್ಲಿ ಹತ್ತು ಹೆಗಡೆಯವರಿದ್ದರೆ ಮನೆಯ ಅಥವಾ ಊರಿನ ಹೆಸರು ಮುಂದೆ ಬರುತ್ತದೆ. ಹಾಗಾಗಿಯೇ ಪರಿಚಯವಾದ ಕೂಡಲೇ ‘ನಿಮ್ಗೆ ಎಲ್ಲಾತು?’ ಎಂದು ಕೇಳುತ್ತಾರೆ, ಅಂದರೆ ಊರು ಯಾವುದು. ತಾಲೂಕಿನ ಹೆಸರು ಹೇಳಿದರೆ ಅವರಿಗೆ ಸಾಕಾಗದು. ಊರು, ಕೇರಿ, ಸಾಧ್ಯವಾದರೆ ಯಾರ ಮನೆ ಎಂದೂ ಹೇಳಿ. ಚಿಕ್ಕ ಹುಡುಗರಿಗೆ ‘ತಮಾ’, ಹುಡುಗಿಯರಿಗೆ ‘ತಂಗೀ’ ಎಂದರೆ ಎಲ್ಲ ಕಡೆ ನಡೆಯುತ್ತದೆ.

ಅಂಕೋಲಾ–ಕುಮಟಾ ಕಡೆ ‘ನಾಯಕ’ ಬೇರೆ, ‘ನಾಯ್ಕ’ ಬೇರೆ. ಒಂದು ಒತ್ತಕ್ಷರದಲ್ಲಿ ಸಮುದಾಯವೇ ಬದಲಾಗುತ್ತದೆ. ಊಹಿಸಿ ಬರೆಯಬೇಡಿ, ಕೇಳಿ ಬರೆಯಿರಿ. ಹೆಸರಿನ ಕ್ರಮವೂ ಮುಂಬಯಿ ಪದ್ಧತಿಯದು: ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಮೈಸೂರು ಕಡೆಯಂತೆ ಇನಿಶಿಯಲ್‌ಗಳನ್ನು ಮುಂದೆ ತಂದು ಟೈಪು ಮಾಡಿದರೆ ಪಾಸ್‌ಬುಕ್ಕು ಒಂದು ಹೆಸರು, ಉತಾರ ಇನ್ನೊಂದು ಹೆಸರು ಹೇಳುತ್ತದೆ. ಆಮೇಲೆ ಅಫಿಡವಿಟ್ ಮಾಡಿಸುತ್ತ ಅಲೆಯಬೇಕು.

ಹವ್ಯಕರ ಮನೆಯಲ್ಲಿ ಹೆಂಗಸರನ್ನು ‘ಅದು’ ಎನ್ನುತ್ತಾರಲ್ಲ, ಅವಮಾನವಲ್ಲವೇ?

ಆ ಮಾತಿನೊಳಗೆ ಅಲ್ಲ. ‘ಅಕ್ಕ ಬಂತು’, ‘ಕೂಸು ಶಾಲಿಗೆ ಹೋತು’ ಎನ್ನುವುದು ಹವಿಗನ್ನಡದ ಸಹಜ ರೂಪ. ಅಕ್ಕನೂ ತಂಗಿಯನ್ನು ಹಾಗೇ ಹೇಳುತ್ತಾಳೆ. ಸೋಜಿಗವೆಂದರೆ ಗೋವಾ–ಕಾರವಾರ ಕಡೆಯ ಕೊಂಕಣಿಯಲ್ಲೂ ಎಳೆಯ ಹುಡುಗಿಗೆ ನಪುಂಸಕದ ‘ತೆಂ’ ಬರುತ್ತದೆ, ಹಿರಿಯ ಹೆಂಗಸಿಗೆ ‘ತೀ’. ಆದರೆ ಪುಸ್ತಕದ ಕನ್ನಡ ಮಾತಾಡುವ ನೀವು ಅದೇ ವಾಕ್ಯದ ನಡುವೆ ‘ಅದು ಬಂತು’ ಎಂದು ಒಬ್ಬ ಹೆಂಗಸಿನ ಬಗ್ಗೆ ಹೇಳಿದರೆ ತಿರಸ್ಕಾರವಾಗುತ್ತದೆ. ಅದೇ ಮನೆಯವರು ಹೊರಗಿನವರೊಡನೆ ಮಾತಾಡುವಾಗ ‘ಅವಳು’, ‘ಅವರು’ ಎಂದು ಬದಲಿಸಿಕೊಳ್ಳುವುದನ್ನು ಗಮನಿಸಿ. ಒಂದು ಮಾತಿನ ರೂಪವನ್ನು ಕಿತ್ತು ಇನ್ನೊಂದರಲ್ಲಿ ನೆಟ್ಟರೆ ಬದುಕುವುದಿಲ್ಲ.

ಕಾರವಾರದಲ್ಲಿ ನನ್ನೆದುರೇ ಕೊಂಕಣಿಗೆ ಹೊರಳುತ್ತಾರೆ. ನನ್ನ ಬಗ್ಗೆಯೇ ಮಾತಾಡುತ್ತಾರೆಯೇ?

ಬಹುಮಟ್ಟಿಗೆ ಇಲ್ಲ. ಕಾರವಾರದ ಪೇಟೆಯಲ್ಲಿ ಒಬ್ಬ ಅಂಗಡಿಕಾರ ನಿಮ್ಮೊಡನೆ ಕನ್ನಡ, ಪಕ್ಕದ ಗಿರಾಕಿಯೊಡನೆ ಕೊಂಕಣಿ, ನೌಕಾನೆಲೆಯಿಂದ ಬಂದ ಕುಟುಂಬದೊಡನೆ ಹಿಂದಿ, ಸದಾಶಿವಗಡದಿಂದ ಬಂದ ಅಜ್ಜನೊಡನೆ ಮರಾಠಿ ಆಡುತ್ತಾನೆ. ಇದಕ್ಕೆ ಅವನು ಯೋಚಿಸುವುದೂ ಇಲ್ಲ.

ನ್ಯೂಜಿಲೆಂಡಿನ ರೇಡಿಯೋ ವಾರ್ತಾವಾಚಕರನ್ನು ಅಧ್ಯಯನ ಮಾಡಿದ ಅಲನ್ ಬೆಲ್ ಒಂದು ವಿಷಯ ಕಂಡುಕೊಂಡರು. ಒಬ್ಬರೇ ವಾಚಕರು ಅದೇ ಕಟ್ಟಡದಿಂದ ಎರಡು ಕೇಂದ್ರಗಳಿಗೆ ಓದುತ್ತಿದ್ದರು. ಆದರೂ ಕೇಳುಗ ಬಳಗ ಬದಲಾದರೆ ಉಚ್ಚಾರ ಬದಲಾಗುತ್ತಿತ್ತು. ಮಾತನ್ನು ರೂಪಿಸುವವರು ಮುಖ್ಯವಾಗಿ ಕೇಳುಗರು ಎಂದು ಅವರು 1984ರಲ್ಲಿ ವಾದಿಸಿದರು. ಎದುರಿಗೆ ನಿಂತವರಷ್ಟೇ ಅಲ್ಲ, ಪಕ್ಕದಲ್ಲಿ ಸುಮ್ಮನೆ ಕೇಳಿಸಿಕೊಳ್ಳುವವರೂ ಲೆಕ್ಕಕ್ಕೆ ಬರುತ್ತಾರೆ. ಈ ಪುಟದ ಅರ್ಧ ಪ್ರಶ್ನೆಗಳಿಗೆ ಅದೇ ಉತ್ತರ ಎಂಬುದು ನಮ್ಮ ಅಭಿಪ್ರಾಯ.

ಲೆಕ್ಕ ಎಣಿಸುವುದು, ಮನೆಯ ಸುದ್ದಿ, ಬೈಗುಳ, ಮಗುವನ್ನು ಮುದ್ದಿಸುವುದು ಮನೆಮಾತಿಗೆ ಜಾರುತ್ತವೆ. ಬೆಲೆ, ರಸೀದಿ, ಸರಕಾರಿ ವಿಷಯ ಕನ್ನಡಕ್ಕೆ ಮರಳುತ್ತವೆ. ನಿಮಗೆ ಕೊಂಕಣಿ ಸ್ವಲ್ಪ ತಿಳಿಯುತ್ತದೆ ಎಂದಾದರೆ ಮೊದಲ ದಿನವೇ ಹೇಳಿಬಿಡಿ. ಆರು ತಿಂಗಳು ತಿಳಿಯದವರಂತೆ ಇದ್ದು ಆಮೇಲೆ ನಕ್ಕು ಸಿಕ್ಕಿಬಿದ್ದರೆ, ಕದ್ದು ಕೇಳಿದರು ಎಂಬ ಹೆಸರು ನಿಲ್ಲುತ್ತದೆ.

ಹಾಗಾದರೆ ಎಲ್ಲ ಭಾಷೆಗಳೂ ಬೆರೆತುಹೋಗುವುದಿಲ್ಲವೇ?

ವ್ಯಾಕರಣ ಬೆರೆಯುತ್ತದೆ, ಪದಗಳು ಅಷ್ಟಾಗಿ ಬೆರೆಯುವುದಿಲ್ಲ. ಸಾಂಗಲಿ ಜಿಲ್ಲೆಯ ಕುಪ್ವಾಡದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಮಾಡಿದ, 1971ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಹೆಚ್ಚುಕಡಿಮೆ ಒಂದೇ ಅಚ್ಚಿಗೆ ಬಂದಿತ್ತು. ಪದಗಳು ಮಾತ್ರ ಬೇರೆಯಾಗಿಯೇ ಉಳಿದಿದ್ದವು. ಮನೆಮಾತು ‘ನಾವು ಯಾರು’ ಎಂಬುದರ ಗುರುತಾಗಿರುವಷ್ಟು ಕಾಲ ಜನ ಅದನ್ನು ಬಿಟ್ಟುಕೊಡುವುದಿಲ್ಲ.

ನಾನೂ ಹವಿಗನ್ನಡ ಅಥವಾ ಕೊಂಕಣಿಯಲ್ಲಿ ಮಾತಾಡಲು ಹೊರಡಲೇ?

ಪದದಿಂದ ಶುರುಮಾಡಿ, ಧಾಟಿಯಿಂದ ಬೇಡ. ‘ಆಸ್ರಿಗೆ’ (ಕುಡಿಯಲು ಏನಾದರೂ), ‘ಕವಳ’ (ಎಲೆಅಡಿಕೆ), ‘ಚೊಲೋ’ (ಚೆನ್ನಾಗಿ) ಎಂಬ ಪದಗಳನ್ನು ನಿಮ್ಮ ಕನ್ನಡದಲ್ಲೇ ಬಳಸಿದರೆ ಎಲ್ಲರಿಗೂ ಖುಷಿ. ರಾಗ ಎಳೆದು ‘ಎಂತದ್ರಾ’ ಎಂದರೆ ಅಣಕದಂತೆ ಕೇಳುತ್ತದೆ, ಅದರಲ್ಲೂ ಮೂರನೆಯವರ ಎದುರು. ಹಾಲಕ್ಕಿಗಳ, ಸಿದ್ದಿಗಳ ಮಾತನ್ನು ಅನುಕರಿಸುವುದು ಬೇಡವೇ ಬೇಡ. ಆ ಮಾತನ್ನು ತಮಾಷೆ ಮಾಡಿದವರನ್ನು ಅವರು ಸಾಕಷ್ಟು ಕಂಡಿದ್ದಾರೆ.

ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲೂ ಒಂದು ಗುಂಡಿ ಇದೆ. ಶಿರಸಿಯ ಹವ್ಯಕರು ‘ಬತ್ತಿ’, ‘ಹೋಗ್ತಿ’ ಎಂದರೆ ‘ನಾನು ಬರುತ್ತೇನೆ’, ‘ನಾನು ಹೋಗುತ್ತೇನೆ’. ಬೆಂಗಳೂರಿನ ಕಿವಿಗೆ ಅದು ‘ನೀನು ಬರ್ತೀ, ಹೋಗ್ತೀ’ ಎಂದು ಬೀಳುತ್ತದೆ. ‘ನಾಳೆ ಬತ್ತಿ’ ಎಂದವರಿಗಾಗಿ ಮನೆಯಲ್ಲಿ ಕಾಯಬೇಕಾದವರು ನೀವು.

‘ಊಟ ಆತಾ?’, ‘ಆಸ್ರಿಗೆ ಆತಾ?’ ಎಂದರೆ ಕರೆಯುತ್ತಿದ್ದಾರೆಯೇ?

ದಾರಿಯಲ್ಲಿ ಕೇಳಿದರೆ ಅದು ನಮಸ್ಕಾರ. ‘ಆತು, ನಿಮ್ದು?’ ಎಂದು ಮುಂದೆ ನಡೆಯಿರಿ. ಏನು ತಿಂದಿರಿ ಎಂದು ವರದಿ ಕೊಡಬೇಕಿಲ್ಲ. ಇಂಥ ಬಾಂಧವ್ಯದ ಮಾತಿಗೆ ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಲ್ಲೇ ಪ್ರತ್ಯೇಕ ಹೆಸರು ಕೊಟ್ಟಿದ್ದರು. ಮನೆಯ ಮೆಟ್ಟಿಲ ಮೇಲೆ ಕೇಳಿದರೆ ಅದು ಕರೆಯೇ. ಅಲ್ಲಿ ಬೆಲ್ಲ–ನೀರನ್ನೋ ಮಜ್ಜಿಗೆಯನ್ನೋ ಒಲ್ಲೆ ಎನ್ನಬಾರದು, ಒಂದು ಗುಟುಕಾದರೂ ಕುಡಿಯಿರಿ.

ಹೊರಟು ನಿಂತವರನ್ನು ‘ಎಲ್ಲಿಗೆ?’ ಎಂದು ನೇರವಾಗಿ ಕೇಳಬೇಡಿ. ‘ದೂರ ಹೊರಟದ್ದಾ?’ ಎಂದರೆ ಸಾಕು.

‘ಅಡ್ಡಿಲ್ಲೆ’ ಎಂದರೆ ಹೌದೋ ಅಲ್ಲವೋ?

ಎಲ್ಲಿ ಹೇಳಿದರು ನೋಡಬೇಕು. ಕರಾವಳಿಯಲ್ಲಿ ‘ಅಡ್ಡಿಲ್ಲ’, ಹವ್ಯಕರಲ್ಲಿ ‘ಅಡ್ಡಿಲ್ಲೆ’.

ಅನುಮತಿ ಕೇಳಿದಾಗ ಹೇಳಿದರೆ ಒಪ್ಪಿಗೆ. ಅಡುಗೆಯ ಬಗ್ಗೆ ಹೇಳಿದರೆ ಮೆಚ್ಚುಗೆ. ಇಲ್ಲಿ ಹೊಗಳಿಕೆ ಅಳೆದು ಬರುತ್ತದೆ, ‘ರಾಶಿ ಚೊಲೋ ಇದ್ದು’ ಎಂದರಂತೂ ಪದಕ ಸಿಕ್ಕಂತೆ. ಆರೋಗ್ಯ ವಿಚಾರಿಸಿದಾಗ ‘ಈಗ ಅಡ್ಡಿಲ್ಲೆ’ ಎಂದರೆ ಮೊದಲಿಗಿಂತ ಕಡಿಮೆಯಾಗಿದೆ ಎಂದಷ್ಟೇ, ಗುಣವಾಗಿದೆ ಎಂದಲ್ಲ. ಕೊನೆಯ ಅಕ್ಷರವನ್ನು ಎಳೆದು ದೃಷ್ಟಿ ಬೇರೆ ಕಡೆ ತಿರುಗಿಸಿದರೆ ಮನಸ್ಸಿಲ್ಲ ಎಂದರ್ಥ.

ನಿಜವಾದ ‘ಇಲ್ಲ’ ಬರುವುದು ‘ನೋಡುವ’, ‘ಮನೇಲಿ ಕೇಳಿ ಹೇಳ್ತೆ’, ‘ದೇವರು ನಡೆಸಿದ ಹಾಗೆ’ ಎಂಬ ವೇಷದಲ್ಲಿ. ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದು ಒರಟು ಎಂಬ ಭಾವನೆ ಇರುವುದರಿಂದ ಹೀಗೆ. ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ಹಂಗಾಮಿನಲ್ಲಿ ಕೊನೆಗೌಡರನ್ನು, ಅಂದರೆ ಮರ ಹತ್ತಿ ಕೊಯ್ಯುವವರನ್ನು, ಹುಡುಕುವವರಿಗೆ ಈ ಗೊಂದಲ ದುಬಾರಿ. ‘ಬರ್ತೀರಾ?’ ಎಂದು ಕೇಳಿದರೆ ‘ನೋಡುವ’ ಬರುತ್ತದೆ. ‘ಸೋಮವಾರ ಅನುಕೂಲವೋ, ಬುಧವಾರವೋ? ಎಷ್ಟು ಜನ?’ ಎಂದು ಕೇಳಿ. ದಿನ ಮತ್ತು ಜನರ ಸಂಖ್ಯೆಯನ್ನು ಅವರೇ ಬಾಯಿಬಿಟ್ಟು ಹೇಳಿದರೆ ಬರುತ್ತಾರೆ. ಎರಡನ್ನೂ ನಿಮ್ಮಿಂದಲೇ ಹೇಳಿಸಿ ತಲೆಯಾಡಿಸಿದರೆ ಬೇರೆಯವರನ್ನೂ ವಿಚಾರಿಸಿಡಿ. ಮುಖ್ಯವಾದ ಮಾತನ್ನು ಬಂದ ಕೂಡಲೇ ಎತ್ತಬೇಡಿ, ಕವಳದ ಬಟ್ಟಲು ಮುಂದೆ ಬರುವವರೆಗೆ ತಡೆಯಿರಿ.

ಪಂಕ್ತಿಯಲ್ಲಿ ಬಡಿಸುವವರನ್ನು ನಿಲ್ಲಿಸುವುದು ಹೇಗೆ?

‘ಬೇಡ’ ಎನ್ನಬೇಡಿ, ‘ಸಾಕು’ ಎನ್ನಿ. ಮೊದಲ ‘ಸಾಕು’ವನ್ನು ಸಂಕೋಚ ಎಂದೇ ಎಣಿಸಿ ಮತ್ತೆ ಬಡಿಸುತ್ತಾರೆ. ಎರಡನೆಯ ಸಲ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯಿರಿ. ಆದ್ದರಿಂದ ಮೊದಲ ಸುತ್ತಿನಲ್ಲಿ ನಿಮಗೆ ಬೇಕಾದ ಅರ್ಧದಷ್ಟನ್ನೇ ಹಾಕಿಸಿಕೊಳ್ಳುವುದು ಜಾಣತನ. ‘ಸಾವಕಾಶ ಆಗ್ಲಿ’ ಎಂದರೆ ಅವಸರ ಮಾಡಬೇಡಿ ಎಂಬ ಉಪಚಾರ, ನೀವು ನಿಧಾನ ಎಂಬ ದೂರಲ್ಲ. ಹಿರಿಯರು ಏಳುವ ಮೊದಲು ಏಳಬೇಡಿ. ‘ಧನ್ಯವಾದ’ ಸಭೆಯ ಮಾತು. ಮನೆಯಲ್ಲಿ ‘ತಂಬುಳಿ ಚೊಲೋ ಇತ್ತು’ ಎಂದರೆ ಅದೇ ಕೃತಜ್ಞತೆ.

ಬೇರೆ ಕಡೆಯ ಕನ್ನಡಿಗರು ತಪ್ಪಾಗಿ ಅರ್ಥ ಮಾಡಿಕೊಳ್ಳುವ ಪದಗಳು ಯಾವುವು?

ಕೂಸು: ಮೈಸೂರಿನಲ್ಲಿ ಎಳೆಮಗು, ಶಿರಸಿಯ ಹವ್ಯಕರಲ್ಲಿ ಹುಡುಗಿ. ‘ಕೂಸು ನೋಡಲೆ ಬೈಂದ’ ಎಂದರೆ ಹೆಣ್ಣು ನೋಡಲು ಬಂದಿದ್ದಾರೆ. ಮಾಣಿ: ಹೊಟೇಲಿನವನಲ್ಲ, ಹುಡುಗ. ಆಯಿ: ಇಲ್ಲಿ ತಾಯಿ, ಧಾರವಾಡದ ಕಡೆ ಅಜ್ಜಿ, ‘ಆಯಿಗೆ ಹುಷಾರಿಲ್ಲ’ ಎಂದು ರಜೆ ಕೇಳಿದವರನ್ನು ವಿಚಾರಿಸುವಾಗ ನೆನಪಿಡಿ. ಆಸ್ರಿಗೆ: ಕುಡಿಯಲು ಏನಾದರೂ. ಕವಳ: ಎಲೆ, ಅಡಿಕೆ, ಸುಣ್ಣ, ಇಷ್ಟವಿದ್ದವರಿಗೆ ತಂಬಾಕು.

ತೋಟ ಎಂದರೆ ಅಡಿಕೆ ತೋಟವೇ, ಬೇರೆ ತೋಟಕ್ಕೆ ಹೆಸರು ಸೇರಿಸಿ ಹೇಳುತ್ತಾರೆ. ಬೆಟ್ಟ ಎಂದರೆ ಏರುವ ಗುಡ್ಡವಾಗಬೇಕಿಲ್ಲ. ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ‘ಸೊಪ್ಪಿನಬೆಟ್ಟ’ ಅದು, ದಾಖಲೆಯಲ್ಲೂ ಹಾಗೇ ಇದೆ. ಬೆಟ್ಟೆ ಎಂದರೆ ಅಡಿಕೆಯ ಒಂದು ಬಗೆ. ರಾಶಿ, ಚಾಲಿ ಎಂಬುವೂ ಅಡಿಕೆಯೇ: ಹಸಿರಿರುವಾಗ ಸುಲಿದು ಬೇಯಿಸಿದ್ದು ರಾಶಿ, ಹಣ್ಣಾದ ಮೇಲೆ ಸಿಪ್ಪೆಸಮೇತ ಒಣಗಿಸಿ ಸುಲಿದದ್ದು ಚಾಲಿ. ಆದರೆ ‘ರಾಶಿ ಜನ’ ಎಂದರೆ ತುಂಬಾ ಜನ.

ಕಾರವಾರದ ಮೀನುಪೇಟೆಯಲ್ಲಿ ಹೇಗೆ ಮಾತಾಡಬೇಕು?

ಮಾರುವ ಹೆಂಗಸರನ್ನು ‘ಬಾಯೀ’ ಅಥವಾ ‘ಅಕ್ಕಾ’ ಎನ್ನಿ, ‘ಏ’ ಎಂದರೆ ಬೆಲೆ ಇಳಿಯುವುದಿಲ್ಲ. ಮಂಗಳೂರಿನ ಮೀನಿನ ಹೆಸರು ಇಲ್ಲಿ ಕೆಲಸಕ್ಕೆ ಬಾರದು. ಅಂಜಲ್ ಇಲ್ಲಿ ಇಸ್ವಣ, ಮಾಂಜಿ ಪಾಂಪ್ಲೆಟ್, ಬೂತಾಯಿ ತಾರ್ಲೆ. ಸಿಗಡಿಗೆ ಕನ್ನಡದವರು ಶೆಟ್ಲಿ, ಕೊಂಕಣಿಯವರು ಸುಂಗಟ ಎನ್ನುತ್ತಾರೆ. ಬಂಗಡೆ ಮಾತ್ರ ಎಲ್ಲ ಕಡೆ ಬಂಗಡೆ. ಬೆಳಗ್ಗೆ ಬೋಣಿಯ ಹೊತ್ತಿಗೆ ಬೆಲೆ ಕೇಳಿ, ಮೀನು ಮುಟ್ಟಿ, ಕೊಳ್ಳದೆ ಹೋದರೆ ಬೈಸಿಕೊಳ್ಳುವುದು ಖಚಿತ. ಕೊಳ್ಳುವ ಮನಸ್ಸಿಲ್ಲದಿದ್ದರೆ ದೂರದಿಂದಲೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವುದರಿಂದ ಆಗ ‘ತಾಜಾ ಇದೆಯಾ?’ ಎಂದು ಕೇಳಿದರೆ ಕೆಣಕಿದಂತೆ. ‘ಇವತ್ತು ಎಂತ ಬಂದದೆ?’ ಎನ್ನಿ.

ದವಾಖಾನೆಯಲ್ಲಿ, ಮನೆಮನೆ ಸಮೀಕ್ಷೆಯಲ್ಲಿ ಸರಿಯಾದ ಉತ್ತರ ಸಿಗುವುದಿಲ್ಲ. ಏಕೆ?

ಪ್ರಶ್ನೆಯ ಪದ ಅವರಿಗೆ ಬೇರೆ ಏನನ್ನೋ ಹೇಳುತ್ತಿರುತ್ತದೆ. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಸಿದ್ದಾಪುರ, ಹೊನ್ನಾವರದ ಕಡೆಯೂ ಕಾಣಿಸಿಕೊಳ್ಳುತ್ತದೆ. ‘ಕಾಡಿಗೆ ಹೋಗಿದ್ದಿರಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುತ್ತಾರೆ. ಅವರ ಮಾತಿನಲ್ಲಿ ಕಾಡು ಎಂದರೆ ಅರಣ್ಯ ಇಲಾಖೆಯದು. ಅತಿಕ್ರಮಣದ ತಂಟೆ ಇರುವ ಊರಿನಲ್ಲಿ ಫೈಲು ಹಿಡಿದವರೆದುರು ಯಾರೂ ಹೌದು ಎನ್ನುವುದಿಲ್ಲ. ‘ಈ ಹದಿನೈದು ದಿನದಲ್ಲಿ ಸೊಪ್ಪಿಗೆ, ದರಕಿಗೆ, ಕಟ್ಟಿಗೆಗೆ ಬೆಟ್ಟಕ್ಕೆ ಹೋಗಿದ್ದಿರಾ? ದನ ಬಿಟ್ಟು ಬರಲು?’ ಎಂದು ಒಂದೊಂದಾಗಿ ಕೇಳಿ. ಈ ಜ್ವರ ಹರಡುವ ಹುಳಕ್ಕೆ ಕರಪತ್ರದ ‘ಉಣ್ಣೆ’ಯ ಜತೆಗೆ ‘ಉಣುಗು’ ಎಂದೂ ಹೇಳಿ, ಇಲ್ಲದಿದ್ದರೆ ಕಂಬಳಿಯ ಉಣ್ಣೆ ಎಂದುಕೊಳ್ಳುವವರಿದ್ದಾರೆ.

‘ಹೊರಗೆ’ ಎಂಬ ಪದವನ್ನು ಎಚ್ಚರದಿಂದ ಬಳಸಬೇಕು. ‘ಹೊರಗೆ ಕೂತದ್ದು’, ‘ದೂರ ಆದದ್ದು’ ಎಂದರೆ ಮುಟ್ಟು. ಮಲವಿಸರ್ಜನೆಯ ಬಗ್ಗೆ ‘ಹೊರಗೆ ಸರಿಯಾಗಿ ಆಗ್ತದಾ?’ ಎಂದು ಕೇಳಿದರೆ ಹೆಂಗಸು ಮುಟ್ಟಿನ ಉತ್ತರ ಕೊಡುತ್ತಾಳೆ, ಅಥವಾ ನಾಚಿ ಸುಮ್ಮನಾಗುತ್ತಾಳೆ. ‘ಸಂಡಾಸು’ ಎಂಬ ಪದ ಎಲ್ಲರಿಗೂ ತಿಳಿಯುತ್ತದೆ. ಜತೆಗೆ ಬಂದ ಅತ್ತೆಯೋ ಮೈದುನನೋ ಪಕ್ಕದಲ್ಲಿದ್ದರೆ ಯಾವ ಪ್ರಶ್ನೆಗೂ ನಿಜವಾದ ಉತ್ತರ ಬರುವುದಿಲ್ಲ. ಅವರನ್ನು ಚೀಟಿ ಮಾಡಿಸಲು ಕಳಿಸಿ, ಆಮೇಲೆ ಕೇಳಿ. ‘ಗುಳಿಗೆ ತಗೊಂಡ್ರಾ?’ ಎಂದರೆ ಎಲ್ಲರೂ ಹೌದೇ. ‘ಎಷ್ಟು ಉಳಿದದೆ, ತೋರಿಸಿ’ ಎಂದರೆ ಲೆಕ್ಕ ಸಿಗುತ್ತದೆ.

ಆಡಬಾರದ ಮಾತುಗಳು ಇವೆಯೇ?

ಇವೆ. ದೀಪ ‘ಆರಿಸು’ ಎನ್ನುವುದಿಲ್ಲ, ‘ದೊಡ್ಡದು ಮಾಡು’ ಅಥವಾ ‘ಶಾಂತ ಮಾಡು’. ರಾತ್ರಿ ಹಾವಿನ ಹೆಸರೆತ್ತದೆ ‘ಹುಳ’ ಎನ್ನುತ್ತಾರೆ. ಆದ್ದರಿಂದ ರಾತ್ರಿ ಯಾರಾದರೂ ‘ಹುಳ ಮುಟ್ಟಿದೆ’ ಎಂದು ಫೋನ್ ಮಾಡಿದರೆ ಇರುವೆ, ಜೇನು ಎಂದು ನಕ್ಕು ಸುಮ್ಮನಾಗಬೇಡಿ. ಯಾವ ಹುಳ, ಉದ್ದ ಎಷ್ಟು ಎಂದು ತಕ್ಷಣ ಕೇಳಿ, ಗಾಡಿ ಹೊರಡಿಸಿ. ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಬೇಡ, ‘ಹೋಗಿ ಬರ್ತೇನೆ’ ಎನ್ನಬೇಕು. ಸಾವಿನ ಮನೆಯಲ್ಲಿ ಇದು ತಿರುಗುಮುರುಗು: ಅಲ್ಲಿ ‘ಬರ್ತೇನೆ’ ಎನ್ನದೆ ಸುಮ್ಮನೆ ಎದ್ದು ಬರುತ್ತಾರೆ. ಹೊಸಬರು ಅಭ್ಯಾಸಬಲದಿಂದ ಬಾಯಿಬಿಡುವುದು ಅಲ್ಲೇ.

ಅರ್ಜಿಯನ್ನು ಆಡುಮಾತಿನಲ್ಲಿ ಬರೆದರೆ ನಡೆಯುತ್ತದೆಯೇ?

ಪುಸ್ತಕದ ಕನ್ನಡದಲ್ಲಿ ಬರೆಯಿರಿ, ಆದರೆ ಜಮೀನಿನ ಪದಗಳನ್ನು ‘ಶುದ್ಧ’ ಮಾಡಲು ಹೋಗಬೇಡಿ. ‘ಬೆಟ್ಟ’ವನ್ನು ‘ಗುಡ್ಡ’ ಎಂದೋ, ‘ಮಾಲ್ಕಿ’ಯನ್ನು ‘ಸ್ವಂತ ಜಾಗ’ ಎಂದೋ, ಕರಾವಳಿಯ ‘ಗಜನಿ’ಯನ್ನು ‘ಉಪ್ಪುನೀರಿನ ಗದ್ದೆ’ ಎಂದೋ ಬದಲಿಸಿದರೆ ದಾಖಲೆಗೆ ತಾಳೆಯಾಗದೆ ಅರ್ಜಿ ವಾಪಸು ಬರುತ್ತದೆ. ಉತಾರದಲ್ಲಿ ಇದ್ದಂತೆಯೇ ಸರ್ವೆ ನಂಬರು, ಹಿಸ್ಸಾ ನಕಲು ಮಾಡಿ.

ಯಕ್ಷಗಾನದಲ್ಲಿ ರಾಜನ ಕನ್ನಡ ಬೇರೆ, ಹಾಸ್ಯಗಾರನ ಕನ್ನಡ ಬೇರೆ ಏಕೆ?

ಪಾತ್ರದ ಘನತೆ ಮಾತಿನಲ್ಲೇ ತೂಗುತ್ತದೆ. ರಾಜ, ಋಷಿ ಗ್ರಾಂಥಿಕ ಕನ್ನಡದಲ್ಲಿ ಅರ್ಥ (ಪಾತ್ರದ ಸಂಭಾಷಣೆ) ಹೇಳುತ್ತಾರೆ, ಒಂದು ಇಂಗ್ಲಿಷ್ ಪದ ನುಸುಳಿದರೂ ಪ್ರೇಕ್ಷಕರು ಕ್ಷಮಿಸರು. ದೂತನಾಗಿ, ಚಾರಕನಾಗಿ ಬರುವ ಹಾಸ್ಯಗಾರನಿಗೆ ಊರ ಮಾತಿನ ಪರವಾನಗಿ ಇದೆ. 1934ರಲ್ಲಿ ಕೆರೆಮನೆ ಮೇಳ ಹುಟ್ಟಿದ ಗುಣವಂತೆ ಹೊನ್ನಾವರ ತಾಲೂಕಿನದು. ಆ ಕಡೆಯ ಮಕ್ಕಳು ಯಾವ ಪಾಠವೂ ಇಲ್ಲದೆ ಎರಡೂ ಕನ್ನಡದ ವ್ಯತ್ಯಾಸವನ್ನು ಆಟ ನೋಡಿಯೇ ಕಲಿಯುತ್ತಾರೆ.

ಮಗು ಉತ್ತರಪತ್ರಿಕೆಯಲ್ಲಿ ‘ಇದ್ದು’, ‘ಇಲ್ಲೆ’ ಎಂದು ಬರೆಯುತ್ತದೆ. ತಿದ್ದುವುದು ಹೇಗೆ?

‘ತಪ್ಪು’ ಎಂದು ಕೆಂಪು ಗೀರು ಎಳೆದರೆ ಮಗು ಬರೆಯುವುದನ್ನೇ ಕಡಿಮೆ ಮಾಡುತ್ತದೆ. ಹಲಗೆಯಲ್ಲಿ ಎರಡು ಸಾಲು ಹಾಕಿ: ‘ಮನೆಯಲ್ಲಿ’, ‘ಪುಸ್ತಕದಲ್ಲಿ’. ಇದ್ದು–ಇದೆ, ಇಲ್ಲೆ–ಇಲ್ಲ, ಹೋಪಲೆ–ಹೋಗಲು. ದಿನಕ್ಕೆ ಐದು ಜೋಡಿ ಸಾಕು, ಜೋಡಿಗಳನ್ನು ಮಕ್ಕಳೇ ತರಲಿ. ಹಾಲಕ್ಕಿ ಮಗು, ಕೊಂಕಣಿ ಮಗು, ಹವ್ಯಕ ಮಗು ಬೇರೆಬೇರೆ ಜೋಡಿ ತಂದಾಗ ನಗು ಬರುತ್ತದೆ. ಆ ನಗು ಒಬ್ಬರ ಮೇಲೆ ಬೀಳದಂತೆ ಮಾಸ್ತರು ತಮ್ಮ ಮನೆಯ ಜೋಡಿಯನ್ನು ಮೊದಲು ಬರೆಯಬೇಕು. ಬರೆಯುವ ಕನ್ನಡ ಯಾರ ಮನೆಯ ಮಾತೂ ಅಲ್ಲ, ಬೆಂಗಳೂರಿನ ‘ಐತೆ’ಗೂ ಇದೇ ಕಷ್ಟ. ಒಂದೇ ಸಮಾಜದಲ್ಲಿ ಹೀಗೆ ಎರಡು ಮಟ್ಟದ ಭಾಷೆ ಕೆಲಸ ಹಂಚಿಕೊಂಡಿರುವುದನ್ನು ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಅರಬ್ಬಿ, ಗ್ರೀಕ್, ಸ್ವಿಸ್ ಜರ್ಮನ್, ಹೈಟಿಯ ಕ್ರಿಯೋಲ್ ಉದಾಹರಣೆಗಳಿಂದ ವಿವರಿಸಿದ್ದರು.

ಮದುವೆಗೆ ವಾಟ್ಸಾಪಿನಲ್ಲಿ ಕರೆದರೆ ಸಾಕೇ?

ಗೆಳೆಯರಿಗೆ ಸಾಕು. ನೆಂಟರಿಗೆ, ಊರವರಿಗೆ ಸಾಲದು. ಮನೆಗೆ ಹೋಗಿ ಅಕ್ಷತೆ ಕೊಟ್ಟು ಕರೆಯುವುದು ಪದ್ಧತಿ. ಹೋಗಲಾಗದಿದ್ದರೆ ಮೊದಲು ಮನೆಯ ಹಿರಿಯರಿಗೆ ಫೋನ್, ಆಮೇಲೆ ಕಾರ್ಡಿನ ಚಿತ್ರ. ಕ್ರಮ ತಿರುವುಮುರುವಾದರೆ ‘ಮೊಬೈಲಿನಲ್ಲಿ ಬಂತು’ ಎಂಬ ಮಾತು ಮದುವೆ ಮುಗಿದರೂ ಉಳಿಯುತ್ತದೆ. ‘ಬನ್ನಿ’ ಎಂದಷ್ಟೇ ಹೇಳಿದರೆ ಒಬ್ಬರು ಬರುತ್ತಾರೆ, ‘ಮನೆಯವರೆಲ್ಲ ಬರವು’ ಎಂದರೆ ಒಲೆ ಹಚ್ಚದೆ ಎಲ್ಲರೂ ಬರುತ್ತಾರೆ. ಎಲೆಯ ಲೆಕ್ಕ ಹಾಕುವಾಗ ಯಾರಿಗೆ ಯಾವ ಮಾತು ಹೇಳಿದ್ದು ಎಂದು ಪಟ್ಟಿಯಲ್ಲಿ ಹೆಸರಿನ ಪಕ್ಕವೇ ಗುರುತು ಹಾಕಿಕೊಳ್ಳಿ.